ಸರ್ಪಸುತ್ತು ಮತ್ತು ಹೊರಗಿನ ಕೋಣೆ

ಮೊದಲು ಬಲಪಕ್ಕೆಯಲ್ಲಿ ಉರಿ. ಸೀರೆ ತಾಗಿದರೂ ಜೀವ ಹೋದಂತಾಗುತ್ತಿತ್ತು. ಆಮೇಲೆ ನೀರುಗುಳ್ಳೆಗಳು ಸಾಲುಗಟ್ಟಿ ಬೆನ್ನಿನ ಕಡೆ ಹೊರಟವು.

ಸರ್ಪಸುತ್ತು.

ಎಂಬತ್ತರ ದಶಕ ಬಂದರೂ ಗುಬ್ಬಿಯ ನಮ್ಮ ಮನೆಯಲ್ಲಿ ಆ ಹೆಸರಿಗೆ ನಡುಗುತ್ತಾರೆ. ಅತ್ತೆ ನನ್ನ ಚಾಪೆಯನ್ನು ಹೊರಗಿನ ಕೋಣೆಗೆ ಹಾಕಿದರು. ಓರಗಿತ್ತಿ ಬಸುರಿ, ಅವಳ ಮೇಲೆ ನನ್ನ ನೆರಳು ಬೀಳಬಾರದು. ನನ್ನ ನೆರಳು ಅಷ್ಟು ಉದ್ದವೆಂದು ನನಗೇ ಗೊತ್ತಿರಲಿಲ್ಲ. ಕೆಂಪು ಜಾಜು ಕಲಸಿ ಗುಳ್ಳೆಗಳ ಸುತ್ತ ಹಾವು ಬರೆದರು. ಗುಳ್ಳೆಗಳು ಮೈ ಸುತ್ತಿ ಬಂದು ಹಾವಿನ ತಲೆಗೆ ಬಾಲ ಮುಟ್ಟಿದರೆ ಜೀವ ಉಳಿಯುವುದಿಲ್ಲವಂತೆ. ನಾನೂ ನಂಬಿದ್ದೆ.

ಅದಕ್ಕೆ ಎರಡು ತಿಂಗಳ ಹಿಂದೆ ನನ್ನ ಮಗಳು ಹೊಟ್ಟೆಯಲ್ಲೇ ತೀರಿಕೊಂಡಿದ್ದಳು. ತುಂಬಿದ ಬಸುರಿ ನಾನು. ನೋಡಿದರೆ ಮನಸ್ಸು ಕೆಡುತ್ತದೆಂದು ಮುಖ ತೋರಿಸದೆ ಮಣ್ಣು ಮಾಡಿ ಬಂದರು. ಮತ್ತೆ ಆ ಮಾತನ್ನೇ ಯಾರೂ ಎತ್ತಲಿಲ್ಲ. ಓರಗಿತ್ತಿಯ ಸೀಮಂತಕ್ಕೆ, ಅದೇ ಮನೆಯಲ್ಲಿದ್ದರೂ, ನನ್ನನ್ನು ಕರೆಯಲಿಲ್ಲ. ಕುಣಿಗಲ್‌ನಲ್ಲಿ ಮೇಷ್ಟ್ರಾಗಿರುವ ನನ್ನ ಯಜಮಾನರು ಶನಿವಾರ ಬಂದರೂ ಮಕ್ಕಳ ನೋಟ್‌ಬುಕ್ ತಿದ್ದುತ್ತಾ ಕೂರುತ್ತಿದ್ದರು. ನನಗೆ ನಿದ್ದೆಯಿಲ್ಲ, ಊಟ ಸೇರದು.

ಕೋಣೆಯಲ್ಲಿ ಕೈಕನ್ನಡಿ ಹಿಡಿದು ಗುಳ್ಳೆ ಎಲ್ಲಿಗೆ ಬಂತೆಂದು ನೋಡುವುದೇ ಕೆಲಸ. ತಟ್ಟೆಯನ್ನು ಹೊಸಿಲಲ್ಲಿಟ್ಟು ಹೋಗುತ್ತಿದ್ದರು.

ತಲೆಗೆ ಬಾಲ ಮುಟ್ಟಲಿ, ಮುಗಿದುಹೋಗಲಿ ಅನ್ನಿಸಿತು.

ಜ್ವರ ಏರಿದಾಗ ಯಜಮಾನರು ನನ್ನನ್ನೂ ಅತ್ತೆಯನ್ನೂ ತುಮಕೂರಿನ ಬಸ್ಸು ಹತ್ತಿಸಿದರು. ಬಟವಾಡಿಯ ಕ್ಲಿನಿಕ್‌ನಲ್ಲಿ ಡಾಕ್ಟರ್ ಜಾಜು ಒರೆಸಿ ನೋಡಿದರು.

"ಇದು ವೈರಸ್. ಹಿಂದೆ ಅಮ್ಮ, ಅಂದ್ರೆ ಸೀತಾಳೆ ಸಿಡುಬು, ಆಗಿರುತ್ತಲ್ಲ, ಅದೇ ನರದಲ್ಲಿ ಅಡಗಿದ್ದು ಈಗ ಎದ್ದಿದೆ. ಸಾಮಾನ್ಯವಾಗಿ ಒಂದೇ ಪಕ್ಕಕ್ಕೆ ಬರುತ್ತಮ್ಮ, ಸುತ್ತು ಹಾಕಲ್ಲ. ಈಚೆಗೆ ಮನೇಲಿ ಏನಾದ್ರೂ ಆಯ್ತಾ?"

ಮಗಳು ಹೋದದ್ದು, ಓರಗಿತ್ತಿ ಬಸುರಿಯೆಂದು ನನ್ನನ್ನು ಹೊರಗಿನ ಕೋಣೆಗೆ ಹಾಕಿದ್ದು, ಎಲ್ಲ ನಾನೇ ಹೇಳಿದೆ.

"ದುಃಖ, ಒಂಟಿತನ ಇದ್ರೆ ಮೈಯಲ್ಲಿ ಸ್ಟ್ರೆಸ್ ಹಾರ್ಮೋನ್ ಏರುತ್ತೆ, ವೈರಸ್ ತಡೆಯೋ ಶಕ್ತಿ ಕುಗ್ಗುತ್ತೆ. ಇದು ಅದರಿಂದಲೇ ಬಂತು ಅಂತ ಖಂಡಿತ ಹೇಳಕ್ಕಾಗಲ್ಲ. ಆದ್ರೂ ಒಬ್ಬರನ್ನೇ ಬಿಡ್ಬೇಡಿ. ಬಸುರಿ ದೂರ ಇರ್ಲಿ, ಅದು ಸರಿ. ಸೀತಾಳೆ ಸಿಡುಬು ಆದವರಿಗೆ ಇದು ಅಂಟಲ್ಲ, ಹಾಗೆ ಆಗಿರೋರು ಯಾರಿದೀರಾ?"

"ನಂಗಾಗೈತೆ," ಅಂದರು ಅತ್ತೆ.

"ಹಾಗಾದ್ರೆ ನೀವೇ ಜೊತೆಗಿರಿ."

ಮನೆಗೆ ಬಂದ ಅತ್ತೆ ತಮ್ಮ ತಟ್ಟೆ ಹಿಡಿದು ಹೊರಗಿನ ಕೋಣೆಗೇ ಬಂದು ಕೂತರು. ಮುದ್ದೆ ಮುರಿದರು, ಬಾಯಿಗಿಡಲಿಲ್ಲ. ಗೋಡೆ ನೋಡುತ್ತಾ ಅಂದರು:

"ತಲೆತುಂಬ ಕೂದ್ಲಿತ್ತು ಕಣೇ. ನಾನೇ ಬಟ್ಟೆ ಸುತ್ತಿದ್ದು. ಹಣೆ ನಿಂದೇ."

ಗೋಳೋ ಎಂದು ಅತ್ತುಬಿಟ್ಟೆ. ಅವರೂ ಅತ್ತರು.

ಗುಳ್ಳೆಗಳು ಒಣಗಿವೆ. ಉರಿ ಹೋಗಲು ತಿಂಗಳುಗಳೇ ಬೇಕಂತೆ. ಇರಲಿ. ನನ್ನ ಮಗಳ ಹಣೆ ಹೇಗಿತ್ತೆಂದು ಈಗ ನನಗೆ ಗೊತ್ತು.