ಅವ್ವನ ಈಳಿಗೆಮಣೆ, ಮೂವರ ಹುರುಳಿಕಾಯಿ

“ಅತ್ತೆ ಸತ್ತ ಮೂರು ತಿಂಗಳಿಗೆ ಸೊಸೆಯ ಮೈಮೇಲೆ ಬಂದಳು, ಬಂದವಳು ಅಳಲಿಲ್ಲ, ಕೂಗಲಿಲ್ಲ, ಕೂತು ಹುರುಳಿಕಾಯಿ ಹೆಚ್ಚಿದಳು.” ನಮ್ಮ ಮನೆಯ ವಿಚಾರವಾಗಿ ಹಾರನಹಳ್ಳಿಯಲ್ಲಿ ಇಂದಿಗೂ ಹೀಗೆ ಹೇಳುತ್ತಾರೆ. ಆ ಸೊಸೆ ನನ್ನ ಹೆಂಡತಿ, ಆ ಅತ್ತೆ ನನ್ನ ಅವ್ವ. ಹೇಳುವವರಲ್ಲಿ ಯಾರೂ ಅಂದು ನಮ್ಮ ಮನೆಯಲ್ಲಿರಲಿಲ್ಲ. ನಾನಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅವ್ವ ಹೆಚ್ಚಿದ ಹುರುಳಿಕಾಯಿಯ ಪ್ರತಿ ತುಂಡೂ ಹೆಬ್ಬೆರಳಿನ ಉಗುರಿನಷ್ಟು ಉದ್ದ. ಎರಡೂ ತುದಿ ಒಂದೇ ಓರೆ. ತನ್ನ ಈಳಿಗೆಮಣೆಯ ಮೇಲೆ ಅವಳು ಬೇರೆಯವರನ್ನು ಕೂರಿಸುತ್ತಿರಲಿಲ್ಲ. ನನ್ನ ಹೆಂಡತಿ ಚಾಕುವಿನಲ್ಲಿ ಹೆಚ್ಚಿದ್ದನ್ನು ಮೊರದಲ್ಲಿ ಕೆದಕಿ, “ಇದೇನೇ, ಎಮ್ಮೆಗೆ ಹಾಕಾಕಾ, ಮನುಷ್ಯರಿಗಾ?” ಎನ್ನುತ್ತಿದ್ದಳು. ಒಂದು ತುಂಡು ಕರಗಿಹೋದರೆ ಇನ್ನೊಂದು ಬೇಯುತ್ತಲೇ ಇರಲಿಲ್ಲ ಎಂಬುದೂ ನಿಜ.

ಅವ್ವ ತೀರಿಕೊಂಡ ಮೇಲೆ ಮಣೆ ಹೆಂಡತಿಗೆ ಬಂತು. ಒಂದು ಮಧ್ಯಾಹ್ನ ಜಗಲಿಯಲ್ಲಿ ಓದುತ್ತಿದ್ದೆ; ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನನಗೆ ಅರಸೀಕೆರೆ ಸ್ಟೇಷನ್ನಿನಲ್ಲಿ ಕೊಂಡ ಪುಸ್ತಕಗಳೇ ಮೇಷ್ಟ್ರು. ಒಳಗಿನಿಂದ ಕರಕ್, ಕರಕ್ ಎಂದು ಸದ್ದು ಬಂತು. ನಾಲ್ಕು ಸದ್ದು, ಒಂದು ಬಿಡುವು, ಮತ್ತೆ ನಾಲ್ಕು. ಅವ್ವ ನಾಲ್ಕು ತುಂಡಿಗೊಮ್ಮೆ ಎಡಗೈಯನ್ನು ನೀರಿನ ಬಟ್ಟಲಿಗೆ ಅದ್ದುತ್ತಿದ್ದಳು. ಎದ್ದು ಒಳಗೆ ಹೋಗುವ ಧೈರ್ಯ ನನಗಾಗಲಿಲ್ಲ ಎಂಬುದನ್ನು ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ. ಊಟಕ್ಕೆ ಕೂತಾಗ ಹುಳಿಯಲ್ಲಿ ಅವ್ವನ ತುಂಡುಗಳಿದ್ದವು.

ಅದೇ ವಾರ ಅವ್ವನ ಅಕ್ಕ, ನನ್ನ ದೊಡ್ಡವ್ವ, ಹಳೇಬೀಡಿನಿಂದ ಬಂದಳು. ಮೊರ ನೋಡಿದವಳೇ ಗೋಡೆಗೆ ಒರಗಿದಳು.

“ಇದು ನನ್ ತಂಗಿ ಕೈ ಕಣ್ಲಾ. ಅವ್ಳು ಬಂದವ್ಳೆ.”

ಬೇಲೂರಿನಾಚೆಯ ಹಳ್ಳಿಯೊಂದರಲ್ಲಿ ಗಾಳಿ ಬಿಡಿಸುವವನೊಬ್ಬನಿದ್ದ. ಸತ್ತವರು ಬಾಯಿ ಬಿಡುವವರೆಗೂ ಬೇವಿನ ಬರಲಿನಿಂದ ಹೊಡೆಯುತ್ತಿದ್ದ. “ಸೋಮವಾರದ ಬಸ್ಸಿಗೆ ಕರ್ಕೊಂಡೋಗಾನ. ಏನ್ ಬೇಕು ಅಂತ ಅವ್ಳನ್ನೇ ಕೇಳಾನ” ಎಂದಳು ದೊಡ್ಡವ್ವ. ನನ್ನ ಹೆಂಡತಿ ಆಗ ಐದು ತಿಂಗಳ ಬಸುರಿ.

ಅವಳಾದರೂ ಪ್ರತಿಭಟಿಸುತ್ತಾಳೆಂದು ನಂಬಿದ್ದೆ. “ಅವ್ರು ಅನ್ನೋದು ದಿಟ ಇರ್ಬೋದು ಕಣ್ರೀ” ಎಂದಳು. “ಆ ಮಣೆ ಮೇಲೆ ಕೂತ್ರೆ ಕೈ ತಾನಾಗೇ ಹೋಗ್ತೈತೆ. ನಾನು ನೋಡ್ತಾ ಕೂತಿರ್ತೀನಿ, ಅಷ್ಟೇ.” ಬೇವಿನ ಬರಲಿಗಿಂತ ಆ ಮಾತೇ ನನ್ನನ್ನು ಹೆಚ್ಚು ಹೆದರಿಸಿತು.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಈಳಿಗೆಮಣೆ ತಂದು ಅವಳನ್ನು ಕೂರಿಸಿದೆ. ತುಂಡುಗಳು ಹಿಂದಿನಂತೆಯೇ ಸೊಟ್ಟಸೊಟ್ಟ. ಅವ್ವನ ಮಣೆಯ ಮೇಲೆ ಕೂರಿಸಿದೆ. ಅವ್ವನ ತುಂಡು ಬಂತು. ಬಳಿಕ ನಾನು ಕೂತೆ. ಅಡುಗೆ ಅರಿಯದ ನನ್ನ ಕೈಯಿಂದಲೂ ಅವವೇ ತುಂಡುಗಳು ಉದುರಿದವು. ನಾಲ್ಕನೆಯದಾದ ಮೇಲೆ ನನ್ನ ಎಡಗೈ ನೆಲದತ್ತ ಚಾಚಿತು. ಅಲ್ಲಿ ಬಟ್ಟಲಿರಲಿಲ್ಲ, ಅದು ಕೂರುತ್ತಿದ್ದ ಕಡೆ ದುಂಡನೆಯ ಕಲೆ ಮಾತ್ರ ಇತ್ತು. ಕೈ ಹಾಗೆ ಚಾಚಿದ್ದಕ್ಕೆ ನನ್ನ ಬಳಿ ವಿವರಣೆಯಿಲ್ಲ. ಇಲ್ಲವೆಂದು ಒಪ್ಪುವುದರಿಂದ ಮುಂದಿನ ವಿವರಣೆ ಸುಳ್ಳಾಗುವುದೂ ಇಲ್ಲ.

“ದೊಡ್ಡವ್ವ, ನೀನೂ ಕೂತ್ಕೋ.”

“ನಾನ್ಯಾಕ್ಲಾ? ಹಲ್ಲಿಲ್ದೋಳು, ಹುರುಳಿಕಾಯಿ ಮುಟ್ಟಿ ಎಷ್ಟು ವರ್ಷಾತು!”

“ತಿನ್ನು ಅಂದ್ನಾ? ಹೆಚ್ಚು.”

ಗೊಣಗುತ್ತಲೇ ಕೂತಳು. ಐದಾರು ತುಂಡು ಬೀಳುವಷ್ಟರಲ್ಲಿ ಗೊಣಗು ನಿಂತಿತು. ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡತೊಡಗಿದಳು.

ನಾನು ಅವಳ ಪಾದವನ್ನು ಸರಿಸಿ ಮಣೆಯನ್ನು ತೋರಿಸಿದೆ. ಅವ್ವನ ಹಿಮ್ಮಡಿ ವರ್ಷಗಟ್ಟಲೆ ಒತ್ತಿ ಮರದಲ್ಲಿ ಒಂದು ಹಳ್ಳ ಸವೆದಿತ್ತು. ಯಾರು ಕೂತರೂ ಹಿಮ್ಮಡಿ ಅದರೊಳಕ್ಕೇ ಜಾರುತ್ತದೆ. ಮಂಡಿ ಅಲಗಿನ ಪಕ್ಕದಲ್ಲಿ ನಿಲ್ಲುತ್ತದೆ. ಮಣಿಕಟ್ಟು ಮಂಡಿಗೆ ಆನುತ್ತದೆ. ಆನಿದ ಕೈ ಅಲುಗದು, ಹೆಬ್ಬೆರಳು ಮಾತ್ರ ಕಾಯನ್ನು ಮುಂದಕ್ಕೆ ದೂಡುತ್ತದೆ. ಪ್ರತಿ ಸಲ ಅದು ದೂಡುವುದು ಒಂದು ಉಗುರಿನಷ್ಟು, ಅಷ್ಟೇ ತುಂಡು. ಒಂದೇ ಬದಿ ಮಸೆದು ಅಲಗು ಎಡಕ್ಕೆ ವಾಲಿದ್ದರಿಂದ ಆ ಓರೆ. ಸಮನಾಗಿ ಹೆಚ್ಚುವ ವಿದ್ಯೆಯೆಂದರೆ ಕೈಯನ್ನು ಆಡಿಸುವುದಲ್ಲ, ನಿಲ್ಲಿಸುವುದು.

ದೊಡ್ಡವ್ವ ಆ ಹಳ್ಳದಲ್ಲಿ ಬೆರಳಿಟ್ಟು ನೋಡಿದಳು.

“ಹಂಗಾರೆ ಅವ್ಳು ಬಂದೇ ಇಲ್ವೇನ್ಲಾ?”

ಹೆಂಡತಿ, “ಬಂದಿದ್ರೂ ಇರ್ಲಿ ಬಿಡಿ ದೊಡ್ಡವ್ವ, ಒಗ್ಗರಣೆ ಸೀದೋಗ್ತೈತೆ, ಇತ್ತಾಗೆ ಕೊಡಿ” ಎಂದು ಮೊರ ಕಿತ್ತುಕೊಂಡಳು. ಸೋಮವಾರದ ಬಸ್ಸಿಗೆ ನಮ್ಮ ಮನೆಯಿಂದ ಯಾರೂ ಹತ್ತಲಿಲ್ಲ.

ಒಬ್ಬೊಬ್ಬರು ಹೆಚ್ಚಿದಾಗಲೂ ಕೆಲವು ತುಂಡುಗಳನ್ನು ಬೇರೆಯಾಗಿ ತೆಗೆದಿಟ್ಟಿದ್ದೆ; ಅವನ್ನು ಒಂದು ಬಿಳಿಹಾಳೆಯ ಮೇಲಿಟ್ಟು, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದೆ: ಮೇಲಿನ ಸಾಲು ಹೆಂಡತಿಯದು, ನಡುವಿನದು ನನ್ನದು, ಕೆಳಗಿನದು ದೊಡ್ಡವ್ವನದು. ಓದು ಬಾರದ ದೊಡ್ಡವ್ವ ತನ್ನ ಸಾಲಿನ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಅವಳೀಗ ಇಲ್ಲ. ಹೆಂಡತಿ ಇದ್ದಾಳೆ, ಕೇಳಿದವರಿಗೆ ಹೇಳುತ್ತಾಳೆ. ಹಾಳೆ ನನ್ನ ಟ್ರಂಕಿನಲ್ಲಿದೆ. ಅನುಮಾನವಿದ್ದವರು ಅಡಿಕೋಲು ತಂದು ಅಳೆಯಬಹುದು. ಹೆಬ್ಬೆಟ್ಟಿನ ಶಾಯಿ ಮಾತ್ರ ಸ್ವಲ್ಪ ಹರಡಿದೆ; ಒತ್ತುವಾಗ ಅವಳ ಮಣಿಕಟ್ಟಿಗೆ ಆನಲು ಮಂಡಿಯಿರಲಿಲ್ಲ.