ರೋಣ ಅಂದವರು ಯಾರು?

ಹೋದ ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ಏಳುವಷ್ಟರಲ್ಲಿ ರಾಜೂರಿನಿಂದ ತಂಗಿ ಫೋನು ಮಾಡಿದಳು. ಹಿಂದಿನ ಸಂಜೆಯ ಗಾಳಿಮಳೆಗೆ ಎಲ್ಲಿ ಏನು ಕಿತ್ತುಹೋಗಿತ್ತೋ, ಮೊಬೈಲಿನೊಳಗೆ ಖರ್ ಖರ್, ಚಟ್ ಚಟ್ ಎಂದು ಒಂದೇ ಸದ್ದು. ಬಿಸಿ ಬಾಣಲೆಯಲ್ಲಿ ಜೋಳ ಅರಳುವಾಗ ಬರುತ್ತದಲ್ಲ, ಹಾಗೆ.

“ಅಕ್ಕಾ, ಏನೂ ಕೇಳವಲ್ದು. ಇಡ್ತೀನಿ, ಆಮ್ಯಾಲೆ ಹಚ್ಚತೀನಿ.”

“ಇಡಬ್ಯಾಡ ತಡಿ. ಒಂದೀಟ ಸುಮ್ನ ಹಿಡಕೋ.”

“ಮಾತಾಡದ ಏನ್ ಹಿಡಕೊಳ್ಲಿ? ಉಪವಾಸ ಮಾಡಿ ತಲಿಗೆ ಏರೇತೇನ ನಿನಗ?”

ಅವಳು ಇಟ್ಟೇಬಿಟ್ಟಳು. ನಾನು ಮಾತ್ರ ಇನ್ನೂ ಸ್ವಲ್ಪ ಹೊತ್ತು ಸದ್ದಿಲ್ಲದ ಫೋನನ್ನು ಕಿವಿಗೆ ಹಿಡಿದು ನಗುತ್ತ ನಿಂತಿದ್ದೆ. ಆ ಸದ್ದನ್ನು ನಾನು ಕೇಳಿ ಎಷ್ಟು ವರ್ಷವಾಗಿತ್ತು! ನೀವು ಟ್ರಂಕ್ ಕಾಲಿನ ಕಾಲದವರಾದರೆ ನಿಮಗೂ ನಗು ಬರುತ್ತದೆ. ಅಲ್ಲವಾದರೆ ನಾನು ಹೇಳಬೇಕಾಗುತ್ತದೆ. ಹೇಳುವುದೆಂದರೆ ನನಗೆ ಬೇಸರವಿಲ್ಲ, ನಮ್ಮ ಮನೆಯವರನ್ನು ಕೇಳಿ ನೋಡಿ.

ನನ್ನ ತವರು ಗಜೇಂದ್ರಗಡ. ಅಪ್ಪನದು ಸೀರೆ ವ್ಯಾಪಾರ. ನಮ್ಮ ಓಣಿಯಲ್ಲಿ ಫೋನು ಇದ್ದದ್ದು ನೂಲಿನ ಅಂಗಡಿಯ ಸಾವಕಾರರ ಹತ್ತಿರ ಮಾತ್ರ. ಕರಿಯ ಬಣ್ಣದ ಭಾರದ ಫೋನು, ಅದಕ್ಕೆ ಒಂದು ಬೀಗ, ಮೇಲೆ ಸಾವಕಾರರ ಹೆಂಡತಿ ಹೆಣೆದ ಕ್ರೋಷಾದ ಹೊದಿಕೆ. ಮನೆಯ ಮಗುವಿಗೂ ಅಂಥ ಉಪಚಾರ ಇರಲಿಲ್ಲ. ಉಳಿದವರಿಗೆಲ್ಲ ದೂರದ ಸುದ್ದಿ ಬರುತ್ತಿದ್ದದ್ದು ತಾರಿನ ಮೇಲೆ. ಪುಸ್ತಕದಲ್ಲಿ ತಂತಿ ಎಂದು ಬರೆಯುತ್ತಾರೆ, ನಮ್ಮ ಕಡೆ ಅದು ತಾರು. ಅದು ಬಂತೆಂದರೆ ಯಾರೋ ಹೋದರು ಎಂದೇ ಅರ್ಥ. ಒಡೆದು ಓದುವುದಕ್ಕೆ ಮೊದಲೇ ಹೆಂಗಸರು ಅಳಲು ಶುರು ಮಾಡುತ್ತಿದ್ದರು. ಇದನ್ನು ಕಂಡು ಕಂಡು ಬೇಸತ್ತ ನಮ್ಮ ತಾರಿನ ಅಣ್ಣ ಒಂದು ಉಪಾಯ ಮಾಡಿದ್ದ. ಒಳ್ಳೆಯ ಸುದ್ದಿಯಿದ್ದರೆ ಓಣಿಯ ತುದಿಯಿಂದಲೇ ಸೈಕಲ್ ಗಂಟೆ ಬಾರಿಸುತ್ತ, “ಚಲೋ ತಾರು, ಚಲೋ ತಾರು!” ಎಂದು ಕೂಗಿಕೊಂಡು ಬರುತ್ತಿದ್ದ. ನಮ್ಮ ಅಜ್ಜಿ ಆಗಲೂ ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳುವವಳೇ. ಯಾಕಜ್ಜಿ ಎಂದರೆ, “ಇರ್ಲಿ ಬಿಡವಾ, ಒಂದೀಟ ಅತ್ತಿಟ್ಟರ ಮುಂದಿನ ತಾರಿಗೆ ಆಕ್ಕತಿ” ಅನ್ನುತ್ತಿದ್ದಳು.

ಊರ ಹೊರಗೆ ತಾರಿನ ಕಂಬಗಳಿದ್ದವು. ಕಾಲಕಾಲೇಶ್ವರನ ಗುಡಿಗೆ ನಡೆದುಕೊಂಡು ಹೋಗುವಾಗ ನಾವು ಹುಡುಗಿಯರು ಕಂಬಕ್ಕೆ ಕಿವಿ ಹಚ್ಚಿ ನಿಲ್ಲುತ್ತಿದ್ದೆವು. ಒಳಗೆ ಗುಂಯ್ ಎನ್ನುತ್ತಿತ್ತು. ಅದು ಗಾಳಿಯ ಸದ್ದು ಎಂದು ಸಾಲೆಯಲ್ಲಿ ಕಲಿಸುವ ಅಕ್ಕಾರು ಹೇಳಿದರೂ ನಾನು ನಂಬಲಿಲ್ಲ. ಯಾರದೋ ಮಾತು ಎಲ್ಲಿಗೋ ಹೊರಟಿದೆ, ಅದರ ಮೈ ಸವರಿದ ಸದ್ದು ಇದು ಎಂದುಕೊಂಡಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ.

ನಮ್ಮ ಮನೆಗೆ ಒಂದು ಚಲೋ ತಾರು ಬಂದದ್ದು ನನ್ನ ಸಲುವಾಗಿ. ನರಗುಂದದಿಂದ ಹೆಣ್ಣು ನೋಡಲು ಬಂದು ಹೋಗಿದ್ದರು. ತಾರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಎರಡೇ ಮಾತು, ‘ಕನ್ಯಾ ಒಪ್ಪಿಗೆ’. ನನಗೂ ಒಪ್ಪಿಗೆಯೇ ಇತ್ತು, ಆದರೆ ಅದನ್ನು ಯಾರೂ ಕೇಳಿರಲಿಲ್ಲ. ಅವರು ನೋಡಲು ಬಂದ ಸಂಜೆ ಕರೆಂಟು ಹೋಗಿತ್ತು. ಒಳಗೆ ಅವ್ವ ಕತ್ತಲೆಯಲ್ಲಿ ಭಜಿ ಕರಿಯುತ್ತಿದ್ದಳು. ಹುಡುಗ ತಾನಾಗಿ ಎದ್ದು ಕಂದೀಲು ತಂದು ಅಡುಗೆಮನೆಯ ಬಾಗಿಲಲ್ಲಿ ಹಿಡಿದು ನಿಂತ. “ಏ, ವರ ಆಗಿ ಬಂದೀಯೋ, ದೀಪದ ಕಂಬ ಆಗಿ ಬಂದೀಯೋ? ಬಂದ ಕುಂದ್ರು!” ಎಂದು ಅವನ ಸೋದರತ್ತೆ ಗದರಿದರು. “ಎಣ್ಣಿ ಕಾದೈತಿ, ಅತ್ತಿ. ಅವರ ಕೈ ಸುಟ್ಟೀತು,” ಎಂದು ಅವನು ಅಲ್ಲೇ ನಿಂತ. ಕೊನೆಯ ಭಜಿ ಮೇಲೇಳುವ ತನಕ ನಿಂತ. ಆಗಲೇ ನಾನು ದೇವರಿಗೆ ಹೇಳಿಬಿಟ್ಟೆ: ಇವನೇ ಸಾಕು, ಬೇರೆ ತೋರಿಸುವ ತೊಂದರೆ ತಗೋಬೇಡ.

ದೇವರು ಒಪ್ಪಿದ. ಒಪ್ಪದವರು ಬೀಗರು. ಮದುವೆ ಎಲ್ಲಿ ಎನ್ನುವುದರ ಮೇಲೆ ಗಂಟು ಬಿತ್ತು. ವರ ನನ್ನ ಬಾಗಿಲಿಗೆ ಬರಬೇಕು ಎಂದು ಅಪ್ಪ. ನಮ್ಮ ಮನೆತನದ ಮದುವೆಗಳೆಲ್ಲ ನಮ್ಮ ಅಂಗಳದಲ್ಲೇ ಆದವು ಎಂದು ನರಗುಂದದ ಮಾವ. ಪತ್ರದ ಮೇಲೆ ಪತ್ರ ಹೋದವು. ಮೊದಲ ಪತ್ರದಲ್ಲಿ ‘ತೀರ್ಥರೂಪ ಸಮಾನರಾದ’ ಎಂದಿದ್ದದ್ದು ಕೊನೆಯದರಲ್ಲಿ ಬರೀ ‘ನಮಸ್ಕಾರ’ಕ್ಕೆ ಇಳಿಯಿತು. ಆಗ ಅಪ್ಪ ಹೇಳಿದ: “ಟ್ರಂಕ್ ಕಾಲ್ ಹಚ್ಚಿ ಒಂದ ಮಾತ ಕೇಳೇಬಿಡ್ತೀನಿ. ಹೂಂ ಅಂದ್ರ ಹೂಂ, ಇಲ್ಲಂದ್ರ ಅವರ ಹುಡುಗ ಅವರಿಗೆ, ನಮ್ಮ ಹುಡುಗಿ ನಮಗ.”

ಆಗೆಲ್ಲ ಬೇರೆ ಊರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜಂಟ್, ಅದಕ್ಕೂ ಮೇಲೆ ಲೈಟ್ನಿಂಗ್ ಎಂದು ಅದರಲ್ಲೂ ಜಾತಿಗಳು. ಅಪ್ಪನದು ಆರ್ಡಿನರಿ. ಬೆಳಿಗ್ಗೆ ಹೋದವನು ಊಟದ ಹೊತ್ತಾದರೂ ನೂಲಿನ ಅಂಗಡಿಯಿಂದ ಬರಲಿಲ್ಲ. ಅವ್ವ ಬುತ್ತಿ ಕಟ್ಟಿ ನನ್ನನ್ನು ಕಳಿಸಿದಳು. ನಾನು ಅಂಗಡಿಗೆ ಕಾಲಿಡುವುದಕ್ಕೂ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ನೂಲಿನ ಪಿಂಡಿಗಳ ಹಿಂದೆ ಬುತ್ತಿ ಅವುಚಿಕೊಂಡು ನಿಂತೆ.

ಫೋನಿನಿಂದ ಅಂಗಡಿಗೆಲ್ಲ ಕೇಳುವಂತೆ ಖರ್ ಖರ್, ಚಟ್ ಚಟ್. ಅಪ್ಪ ಹಲೋ ಹಲೋ ಎಂದು ಕೂಗಿದ್ದಕ್ಕೆ ಬೀದಿಯ ಎಮ್ಮೆ ತಿರುಗಿ ನೋಡಿತು, ಮಾವನಿಗೆ ಮಾತ್ರ ಕೇಳಲಿಲ್ಲ. ಲೈನು ಇಷ್ಟು ಕೆಟ್ಟಾಗ ನಡುವಿನ ಎಕ್ಸ್‌ಚೇಂಜಿನಲ್ಲಿ ಕೂತ ಆಪರೇಟರು ಈ ಕಡೆಯವರ ಮಾತು ಕೇಳಿ ಆ ಕಡೆಗೆ, ಆ ಕಡೆಯವರದು ಕೇಳಿ ಈ ಕಡೆಗೆ ತಾನೇ ಹೇಳುವುದಿತ್ತು. ಅವತ್ತು ನಡುವೆ ಕೂತವಳು ಒಬ್ಬ ಹೆಣ್ಣುಮಗಳು. ಅದು ಯಾವ ಊರಿನ ಎಕ್ಸ್‌ಚೇಂಜು ಎಂದು ನಾನು ಬರೆಯುವುದಿಲ್ಲ. ಮುಂದೆ ಓದಿದರೆ ಯಾಕೆಂದು ನಿಮಗೇ ತಿಳಿಯುತ್ತದೆ.

“ಅಕ್ಕಾರ, ಅವರಿಗೆ ಹೇಳ್ರಿ,” ಎಂದ ಅಪ್ಪ. “ಮದವಿ ಇಲ್ಲೇ ಆಗಬೇಕು.”

ಆ ಕಡೆಯಿಂದ ಏನೋ ಬಂತು. ಅಪ್ಪನ ಕಿವಿ ಕೆಂಪಾದವು.

“ಆಗೂದಿಲ್ಲಂತೇನ? ಹಂಗಾದ್ರ ಇದನ್ನೂ ಹೇಳ್ರಿ. ಕರೀ ಎರಿ ಮಣ್ಣಿನ ಮಂದಿ ನೀವು. ಒಮ್ಮೆ ಕಾಲಿಗೆ ಮೆತ್ತಿದ್ರ ಕೆರದರೂ ಬಿಡೂದಿಲ್ಲ. ನಿಮ್ಮ ಹುಡುಗನ್ನ ನಿಮ್ಮ ಅಂಗಳದಾಗ ನಟ್ಟು ನೀರ ಹಾಕ್ರಿ ಅಂತ ಹೇಳ್ರಿ!”

ಸಾವಕಾರರು ಲೆಕ್ಕ ಬರೆಯುವುದನ್ನು ಬಿಟ್ಟು ತಲೆ ಎತ್ತಿದರು. ಕಂದೀಲು ಹಿಡಿದು ನಿಂತವನನ್ನು ಅಂಗಳದಲ್ಲಿ ನಟ್ಟು ನೀರು ಹಾಕುವುದೆ? ಇನ್ನು ಮುಗಿಯಿತು, ಇಷ್ಟೇ ನನ್ನ ಋಣ ಎಂದುಕೊಂಡು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ. ಎಷ್ಟು ಹೊತ್ತೆನೆಂದರೆ, ಮುಂದೆ ತೀರಿಸುವಾಗ ಒಂದೆರಡು ದೇವರ ಹೆಸರೇ ನೆನಪಿರಲಿಲ್ಲ.

ಖರ್ ಖರ್ ನಡೆದೇ ಇತ್ತು. ಅಪ್ಪ ಕಾದ. ಆಮೇಲೆ ಅವನ ಮುಖ ನಿಧಾನಕ್ಕೆ ಸಡಿಲಾಯಿತು.

“ಏನಂದ್ರು? ರೋಣದಾಗ?... ನಿಮ್ಮೂರೂ ಬ್ಯಾಡ, ನಮ್ಮೂರೂ ಬ್ಯಾಡ, ನಡುವ ರೋಣದಾಗ ಮಾಡೂಣು ಅಂದ್ರಾ? ಅವರ ಅಂದ್ರಾ?... ನನಗ ಸಿಟ್ಟ ಬಂದಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ ಅಂದ್ರಾ?” ಅಪ್ಪ ಫೋನಿಗೆ ಕೈ ಮುಗಿದ. ಖರೇ ಹೇಳುತ್ತೇನೆ, ಒಂದು ಕೈಯಲ್ಲಿ ಫೋನು ಇದ್ದುದರಿಂದ ಒಂದೇ ಕೈಯಲ್ಲಿ ಮುಗಿದ. “ಭಾಳ ದೊಡ್ಡ ಮನಸ್ಸು ಅಂತ ಹೇಳ್ರಿ. ರೋಣ ಒಪ್ಪಿಗಿ ಅಂತ ಹೇಳ್ರಿ ಅಕ್ಕಾರ!”

ರೋಣದಲ್ಲಿ ನಮ್ಮವರೆಂದು ಯಾರೂ ಇರಲಿಲ್ಲ, ಅವರವರೂ ಇರಲಿಲ್ಲ. ಒಂದು ಗುಡಿಯ ಪೌಳಿಯಲ್ಲಿ ಹಂದರ ಹಾಕಿದರು. ನಾನು ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ಕೂತಿದ್ದೆ. ಪಕ್ಕದಲ್ಲೇ ಬೀಗರಿಬ್ಬರ ಮಾತು.

“ರೋಣ ಅಂದದ್ದ ಭಾಳ ಚಲೋ ಆತ್ರಿ ಬೀಗರ. ನಿಮ್ಮ ದೊಡ್ಡ ಗುಣ,” ಎಂದ ಅಪ್ಪ.

“ನಾ ಎಲ್ಲಿ ಅಂದೇರಿ? ನೀವ ಅಂದದ್ದು!” ಎಂದರು ಮಾವ.

“ಹ್ಹೆ ಹ್ಹೆ, ಮಾಡಿದ್ದನ್ನ ಹೇಳ್ಕೊಳ್ಳೂ ಮಂದಿ ಅಲ್ಲ ನೀವು, ಗೊತ್ತೈತಿ.”

“ಎಂಥಾ ವಿನಯರೀ ನಿಮ್ಮದು!”

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅಲ್ಲಾಡಿಸಿದ್ದೇ ಅಲ್ಲಾಡಿಸಿದ್ದು.

ಊಟದ ಗದ್ದಲದಲ್ಲಿ ನನ್ನ ಹತ್ತಿರ ಒಬ್ಬ ಹೆಂಗಸು ಬಂದಳು. ಮಡಿಲಿಗೆ ಒಂದು ಖಣ ಇಟ್ಟು, ಕಿವಿಯ ಹತ್ತಿರ ಬಾಗಿದಳು.

“ನಾ ಯಾರ ಗೊತ್ತಾಗಲಿಲ್ಲಲ್ಲ ತಂಗಿ? ಕರೀದನ ಬಂದಾಕಿ. ಫೋನಿನಾಗ ನಿಮ್ಮಪ್ಪನ ಮಾತ ದಾಟಿಸಿದಾಕಿ ನಾ. ಅಂವ ಬೈದದ್ದ ಅತ್ಲಾಗ ಹೇಳಲಿಲ್ಲ, ನಿಮ್ಮ ಮಾವ ಬೈದದ್ದ ಇತ್ಲಾಗ ಹೇಳಲಿಲ್ಲ. ರೋಣ ಅಂದಾಕಿನೂ ನಾನ.”

“ಯಾಕ್ರಿ?” ಎಂದೆ.

“ದಿನಾ ಸತ್ತಾರು, ಆರಾಮಿಲ್ಲ, ದವಾಖಾನಿಗೆ ಹಾಕ್ಯಾರು, ಇದನ್ನ ದಾಟಿಸಿ ದಾಟಿಸಿ ನನ್ನ ಬಾಯಿ ಕಹಿ ಆಗಿತ್ತವಾ. ಅಪರೂಪಕ್ಕ ಒಂದ ಮದವಿ ಮಾತ ಬಂತು. ಅದೂ ನನ್ನ ಕೈಯಾಗ ಮುರದ ಬೀಳೂದಂದ್ರ? ಆಗಲಿಲ್ಲ ನನಗ.” ಆಮೇಲೆ ನನ್ನ ಗದ್ದ ಹಿಡಿದು ಹೇಳಿದಳು: “ಹಿರೇರು ಇರೂತನಕ ಯಾರ ಮುಂದೂ ಅನಬ್ಯಾಡ. ಗಂಡನ ಮುಂದಂತೂ ಬ್ಯಾಡ. ಗಂಡಸರ ಹೊಟ್ಟ್ಯಾಗ ಮಾತ ನಿಲ್ಲೂದಿಲ್ಲ.”

ಹೆಸರು ಕೇಳಬೇಕು ಎನ್ನುವಷ್ಟರಲ್ಲಿ ಅವಳು ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಾಗಿತ್ತು. ಮುಂದೆ ಮತ್ತೆ ಸಿಗಲಿಲ್ಲ.

ನಾನು ಮಾತು ಉಳಿಸಿಕೊಂಡೆ. ಉಳಿಸಿಕೊಳ್ಳುವುದು ಸುಲಭ ಇರಲಿಲ್ಲ ನೋಡಿ. ನಮ್ಮ ಮನೆಯವರು ಬಂಗಾರದಂಥವರು, ಆದರೆ ಸಾರಿಗೆ ಹುಳಿ ಹೆಚ್ಚಾದರೂ ಸರಿ, ಬಸ್ಸು ತಪ್ಪಿದರೂ ಸರಿ, ನಮ್ಮ ಜಗಳ ಕೊನೆಗೆ ಹೋಗಿ ನಿಲ್ಲುತ್ತಿದ್ದದ್ದು ರೋಣದಲ್ಲೇ. “ನಮ್ಮಪ್ಪ ಮೊದಲ ತಗ್ಗಿ ರೋಣ ಅಂದಿದ್ದಕ್ಕ ನೀ ಈ ಮನಿಗೆ ಬಂದಿ” ಎಂದು ಅವರು. “ತಗ್ಗಿದವರು ನಮ್ಮಪ್ಪಾರಿ, ಇಲ್ಲಂದ್ರ ನೀವಿನ್ನೂ ಅಂಗಳದಾಗ ಇರ್ತಿದ್ರಿ” ಎಂದು ನಾನು. ಅಪ್ಪ, ಮಾವ ಇಬ್ಬರೂ ತುಂಬಿದ ವಯಸ್ಸಿನಲ್ಲಿ ದೇವರ ಪಾದ ಸೇರಿದರು, ಕೊನೆಯ ತನಕ ಒಬ್ಬರನ್ನೊಬ್ಬರು ಹೊಗಳುತ್ತಲೇ. ತಾರು ನಿಂತಿತು, ಟ್ರಂಕ್ ಕಾಲ್ ಹೋಯಿತು. ಹಳದಿ ಬೋರ್ಡಿನ ಎಸ್‌ಟಿಡಿ ಅಂಗಡಿಗಳು ಬಂದವು, ಅವೂ ಹೋದವು. ನಮ್ಮ ಜಗಳ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು. ಹಿರಿಯರು ಹೋಗಿ, ಕೊಟ್ಟ ಮಾತಿನ ಗಡುವು ತೀರಿದ ಮೇಲೂ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಚಲೋ ನಡೆದ ಜಗಳವನ್ನು ಯಾಕೆ ಕೆಡಿಸಬೇಕು ಎಂದಿರಬಹುದು.

ಸೋಮವಾರ ನಾನು ಫೋನು ಹಿಡಿದು ನಗುವುದನ್ನು ಕಂಡು ಅವರು ಏನಾಯಿತು ಎಂದರು. ಟ್ರಂಕ್ ಕಾಲ್ ನೆನಪಾಯಿತು ಎಂದೆ. ಸಾಕಲ್ಲ, ಪೇಪರು ಮಡಚಿಟ್ಟು, “ಹೌದು, ನಮ್ಮಪ್ಪ ಅವತ್ತ ರೋಣ ಅನ್ನಲಿಲ್ಲಂದ್ರ...” ಎಂದು ಶುರು ಮಾಡಿದರು.

ಏನನಿಸಿತೋ, “ನಿಮ್ಮಪ್ಪಾರೂ ಅಂದಿಲ್ಲ, ನಮ್ಮಪ್ಪಾರೂ ಅಂದಿಲ್ರಿ. ಅಂದಾಕಿ ಫೋನಿನಾಕಿ,” ಎಂದುಬಿಟ್ಟೆ.

ಅವರು ನನ್ನ ಮುಖವನ್ನೇ ನೋಡಿದರು. “ನಿನಗೂ ಹೇಳಿದ್ಲೇನ?”

“ನಿನಗೂ ಅಂದ್ರ?”

“ಮದವಿ ದಿನಾ ಕೈ ತೊಳ್ಯಾಕ ಹೋದಾಗ ಹಿಡದ ಹೇಳಿದ್ಲು. ಹೆಂಡ್ತಿ ಮುಂದ ಮಾತ್ರ ಅನಬ್ಯಾಡಪಾ, ಹೆಂಗಸರ ಹೊಟ್ಟ್ಯಾಗ ಮಾತ ನಿಲ್ಲೂದಿಲ್ಲ ಅಂದ್ಲು.”

ನಾನು ಅಲ್ಲೇ ನೆಲದ ಮೇಲೆ ಕೂತೆ. ಇಷ್ಟು ವರ್ಷ ಇಬ್ಬರೂ ಸುಳ್ಳೆಂದು ಗೊತ್ತಿದ್ದೇ ಆ ಜಗಳ ಆಡಿದ್ದೆವು! ನಗು ಮುಗಿದ ಮೇಲೆ ಅವರು ಮೆಲ್ಲಗೆ ಕೇಳಿದರು: “ನಿಮ್ಮಪ್ಪ ಖರೇ ಏನಂದಿದ್ರು?”

ಹೇಳಿದೆ. ಎರಿ ಮಣ್ಣು, ಅಂಗಳ, ನಟ್ಟು ನೀರು, ಒಂದೂ ಬಿಡದೆ ಹೇಳಿದೆ. ಅವರ ಮೀಸೆ ಕುಣಿಯಿತು. “ನಿಮ್ಮ ತಂದಿಯವರು?” ಎಂದೆ.

“ಫೋನ್ ಬಂದದ್ದು ನಮ್ಮೂರ ಔಷಧ ಅಂಗಡ್ಯಾಗ, ನಾ ಅಪ್ಪನ ಮಗ್ಗಲಕ ನಿಂತಿದ್ದೆ. ಗುಡ್ಡದ ಮಂದಿ ನೀವು, ಬರೇ ಕಲ್ಲು. ನಿಮ್ಮ ಕೂಡ ಮಾತಾಡೂದಕಿಂತ ಬಂಡೆಗಲ್ಲಿಗೆ ತಲಿ ಹೊಡಕೊಳ್ಳೂದ ಚಲೋ ಅಂದ್ರು.”

ತವರನ್ನು ಕಲ್ಲು ಅಂದರಲ್ಲ ಎಂದು ಒಂದು ಕ್ಷಣ ಖರೇನೇ ಸಿಟ್ಟು ಬಂತು. ಆಡಿದವರೂ ಇಲ್ಲ, ಆಡಿಸಿಕೊಂಡವರೂ ಇಲ್ಲ. ಅಂದು ದಾರಿಯಲ್ಲೇ ನಿಂತಿದ್ದ ಮಾತು ಇವತ್ತು ನಮ್ಮ ಅಡುಗೆಮನೆಗೆ ಬಂದು ತಲುಪಿತ್ತು. ಅವರು ಸಮಾಧಾನ ಮಾಡಲು ನೋಡಿದರು: “ಕಲ್ಲು ನಿಮ್ಮದು, ಮಣ್ಣು ನಮ್ಮದು. ಮನಿ ಕಟ್ಟಾಕ ಇನ್ನೇನ ಬೇಕ ಹೇಳು?”

“ಎರಿ ಮಣ್ಣಿಲೆ ಗ್ವಾಡಿ ಕಟ್ಟತಾರೇನ್ರಿ? ಬ್ಯಾಸಗ್ಯಾಗ ಬಾಯಿ ಬಿಡತೈತಿ.”

“ಅದಕ್ಕ ನೋಡು, ಇವತ್ತ ಬಾಯಿ ಬಿಟ್ಟೆ.”

ಹೊರಗೆ ಬಿಸಿಲು ಬಿದ್ದಿತ್ತು. ಚಹಾಕ್ಕಿಟ್ಟೆ. ಇನ್ನು ನಮ್ಮ ಮನೆಯಲ್ಲಿ ಜಗಳಕ್ಕೆ ಏನೂ ಉಳಿಯಲಿಲ್ಲವಲ್ಲ ಎಂದು ಒಂದು ಥರಾ ಬರಿದೆನಿಸಿತು. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಅವರ ದನಿ:

“ಆದ್ರೂ ಆಕಿ ಮೊದಲ ಬಂದ ಹೇಳಿದ್ದ ನನಗ. ಕೈ ತೊಳ್ಕೊಳ್ಳೂದು ಊಟದಕಿಂತ ಮೊದಲಲ್ಲ?”

“ಏನ್ ಮಾತಂತ ಆಡ್ತೀರಿ? ನನಗ ಹೇಳಿ ಆಮ್ಯಾಲೆ ಆಕಿ ಊಟಕ್ಕ ಕೂತಾಳ! ನೀವು ಕೈ ತೊಳದದ್ದು ಉಂಡ ಮ್ಯಾಲೆ!”

ಮೊದಲು ತೊಳೆದದ್ದೋ ಆಮೇಲೆ ತೊಳೆದದ್ದೋ ಎಂದು ಚಹಾ ಆರುವ ತನಕ ವಾದ ನಡೆಯಿತು, ತೀರಲಿಲ್ಲ. ಕೇಳೋಣವೆಂದರೆ ಅವಳ ಹೆಸರು ಇಬ್ಬರಿಗೂ ಗೊತ್ತಿಲ್ಲ. ಸಂಜೆ ದೀಪ ಹಚ್ಚುವಾಗ ಹೆಸರಿಲ್ಲದೆಯೇ ಅವಳಿಗೊಂದು ಕೈ ಮುಗಿದು, ಇನ್ನೊಂದಿಷ್ಟು ವರ್ಷಕ್ಕೆ ಸಾಲುವಷ್ಟು ಹೊಸ ಜಗಳ ಕೊಟ್ಟೆಯಲ್ಲಪ್ಪಾ ಎಂದು ದೇವರಿಗೂ ಹೇಳಿದೆ.