ಅಕ್ಕನ ಎರಡು ಹೆಸರು, ಹವಾಲ್ದಾರರ ಒಂದು ಫೈಲು

ಹವಾಲ್ದಾರ ಗೋರಖನಾಥರ ಮೇಲೆ ನನಗೆ ಈಗಲೂ ಸಿಟ್ಟಿದೆ. ಬೀದರಿನ ಮಾಜಿ ಸೈನಿಕರ ದವಾಖಾನೆಯ ಅಂಗಳದಲ್ಲಿ, ಮೂವತ್ತು ಮಂದಿಯ ಎದುರಿಗೆ, ನನ್ನ ಅಕ್ಕನ ಅರ್ಜಿಯನ್ನು ನನ್ನ ಎದೆಗೆ ಒತ್ತಿ, "ತಗೊ, ಒಲ್ಯಾಗ ಹಾಕು. ಯಾವ ಹುಚ್ಚ ಹೆಸರು ಬರಸ್ಯಾನ?" ಅಂದಿದ್ದರು.

ಬರೆಸಿದವನು ನಾನೇ.

ಅವರು ಹಲಬರ್ಗಾದವರು. ಫೌಜಿನಲ್ಲಿ ಇಪ್ಪತ್ನಾಲ್ಕು ವರ್ಷ ಕಾರಕೂನಿಕೆ ಮಾಡಿ ಬಂದಿದ್ದರು. ಬಂದ ಮೇಲೆ ಒಂದೇ ಹುಚ್ಚು: ಮಾಜಿ ಸೈನಿಕರ ಅರ್ಜಿಗಳನ್ನು ಪುಕ್ಕಟೆ ನೋಡಿಕೊಡುವುದು. ಫೌಜು ಬಿಟ್ಟವರು ಬ್ಯಾಂಕು, ಕಾರ್ಖಾನೆಗಳಲ್ಲಿ ಕಾವಲಿಗೆ ಸೇರುತ್ತಾರೆ. ಅರವತ್ತಾದ ದಿನ ಆ ನೌಕರಿಯ ವಿಮೆ ಮುಗಿಯುತ್ತದೆ. ಅಷ್ಟರೊಳಗೆ ಫೌಜಿನ ಆರೋಗ್ಯ ಕಾರ್ಡ್ ಕೈಗೆ ಬಂದಿರಬೇಕು, ನಡುವೆ ಒಂದು ದಿನವೂ ಖಾಲಿ ಬೀಳಬಾರದು. ಯಾರಿಗೆ ಅರವತ್ತು ಯಾವಾಗ ಎಂಬುದು ಅವರವರ ಹೆಂಡತಿಯರಿಗಿಂತ ಇವರಿಗೆ ಚೆನ್ನಾಗಿ ಗೊತ್ತಿತ್ತು. ಬಸ್ಸು ಹತ್ತಿ ಮನೆಗೇ ಹೋಗಿ ಬೈಯುತ್ತಿದ್ದರು. ಯಾರ ಮನೆಯಲ್ಲೂ ಚಹಾ ಕುಡಿಯುತ್ತಿರಲಿಲ್ಲ. ಕುಡಿದಿದ್ದರೆ ಬಾಯಿ ಅಷ್ಟು ಹೊತ್ತಾದರೂ ಸುಮ್ಮನಿರುತ್ತಿತ್ತು.

ನನ್ನ ಭಾವ ಪಂಢರಿ ಮೆಹಕರದವರು, ಫೌಜಿನಿಂದ ಬಂದು ಔರಾದಿನ ಬ್ಯಾಂಕಿನಲ್ಲಿ ಗಾರ್ಡ್. ಬ್ಯಾಂಕಿನ ವಿಮೆ ಇದೆಯಲ್ಲ ಎಂದು ಫೌಜಿನ ಕಾರ್ಡ್ ಮಾಡಿಸಿರಲಿಲ್ಲ. ೨೦೧೬ರ ಮೇ ಮೂವತ್ತೊಂದಕ್ಕೆ ಅವರ ನೌಕರಿ ಮುಗಿಯುತ್ತಿತ್ತು. ಅಕ್ಕನ ಹೃದಯದ ಕವಾಟ ಕೆಟ್ಟು, ಹೈದರಾಬಾದಿನಲ್ಲಿ ಆಪರೇಷನ್ನಿಗೆ ದಿನ ಸಿಕ್ಕಿದ್ದು ಜೂನ್ ಎಂಟಕ್ಕೆ. ತಡ ಮಾಡಿದರೆ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು.

ನಮ್ಮ ಕಡೆ ಮದುವೆಯ ದಿನ ಗಂಡನ ಮನೆಯವರು ಹುಡುಗಿಗೆ ಹೊಸ ಹೆಸರಿಡುತ್ತಾರೆ. ತವರಿನ ಶಾಲುಬಾಯಿ ಮೆಹಕರದಲ್ಲಿ ಕೇಶರಬಾಯಿ ಆದಳು. ಫೌಜಿನ ದಾಖಲೆಯಲ್ಲಿ ಕೇಶರಬಾಯಿ. ಅಕ್ಕ ಪಂಚಮಿಗೆ ತವರಿಗೆ ಬಂದಾಗ ಆಧಾರ್ ಮಾಡಿಸಲು ಕರೆದುಕೊಂಡು ಹೋದವನು ನಾನು. ಹೆಸರು ಕೇಳಿದರು, ಶಾಲುಬಾಯಿ ಅಂದೆ. ಬೇರೆ ಹೆಸರು ನನ್ನ ಬಾಯಲ್ಲಿ ಬರುವುದೇ ಇಲ್ಲ.

"ಮಚ್ಛೇಂದ್ರ, ಕಾಗದದಾಗ ನಿಮ್ಮ ಭಾವಗ ಇಬ್ಬರು ಹೆಂಡರಾದ್ರು ನೋಡಪಾ," ಅಂದರು ಹವಾಲ್ದಾರರು. "ಒಬ್ಬಾಕಿಗಿ ಎದಿ ಬ್ಯಾನಿ, ಇನ್ನೊಬ್ಬಾಕಿಗಿ ಕಾರ್ಡು!"

ಅಂಗಳವೆಲ್ಲ ನಕ್ಕಿತು.

"ಹೆಸರು ಎರಡಿದ್ರೇನ್ರಿ, ಜೀವ ಒಂದೇ ಅದಲ್ರಿ!" ಎಂದು ನಾನೂ ಕೂಗಿದೆ.

"ಕೂಗಿದ್ರ ಕಾರ್ಡ್ ಬರಂಗಿಲ್ಲ. ಎರಡೂ ಹೆಸರು ಬಲ್ಲ ಇಬ್ಬರು ಸಾಕ್ಷಿ ಬೇಕು. ಮನಿ ಮಂದಿ ನಡಿಯಂಗಿಲ್ಲ."

ನನ್ನ ಜೀಪಿನಲ್ಲೇ ನಾನೂ ಅವರೂ ಮೆಹಕರಕ್ಕೆ ಹೋದೆವು. ಮಳೆ ಕೈಕೊಟ್ಟು ಅರ್ಧ ಊರು ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿತ್ತು. ಮದುವೆ ಕಂಡವರ ಬಾಗಿಲಿಗೆಲ್ಲ ಬೀಗ. ನಾನು ಕಟ್ಟೆಯ ಮೇಲೆ ಕೂತು ಇಡೀ ಊರಿಗೆ ಬೈದೆ. ಹವಾಲ್ದಾರರು ಅಕ್ಕನನ್ನು ಕೇಳಿದರು: "ತಂಗಿ, ಮದವ್ಯಾಗ ಬಳಿ ಇಟ್ಟವರು ಯಾರು?"

ಭಾಲ್ಕಿಯ ಬಾಬುಮಿಯಾ. ಬಳೆಯ ಮಲಾರ ಹೊತ್ತು ಜೊತೆಗೆ ಬರುತ್ತಿದ್ದವನು ಅವರ ತಮ್ಮ ಮುರ್ತುಜಾ. ಜೀಪು ಭಾಲ್ಕಿಗೆ ತಿರುಗಿಸಿದೆ; ಇಬ್ಬರೂ ಅಂಗಡಿಯಲ್ಲೇ ಇದ್ದರು.

"ತವರಾಗ ಶಾಲು ಅಂತ ಹಸರ ಬಳಿ ಇಟ್ಟೀನ್ರಿ," ಅಂದರು ಬಾಬುಮಿಯಾ. "ಸಂಕ್ರಾಂತಿಗಿ ಮೆಹಕರಕ್ಕ ಹೋದ್ರ ಕೇಶರ ಅಂತಾರ! ಹೆಸರು ಬದಲಾದ್ರೇನು, ಕೈ ಅಳತಿ ಬದಲಾಗ್ತದೇನ್ರಿ?"

ಮರುದಿನ ಅಂಗಡಿ ಮುಚ್ಚಿ ಇಬ್ಬರೂ ಬೀದರಿಗೆ ಬಂದು ಸಾಕ್ಷಿ ಹಾಕಿದರು. ಮೇ ಮೂವತ್ತಕ್ಕೆ ಕಾರ್ಡಿನ ತಾತ್ಕಾಲಿಕ ಚೀಟಿ ಸಿಕ್ಕಿತು. ಅಕ್ಕ ಉಳಿದಳು.

"ಏನು ಕೊಡಲ್ರಿ ನಿಮಗ?" ಎಂದು ಹವಾಲ್ದಾರರನ್ನು ಕೇಳಿದೆ.

"ಅದೇ ಅಂಗಳದಾಗ, ಮಂದಿ ಮುಂದ ನಿಂತು, ತಪ್ಪು ನಂದು ಅನ್ನು. ಕೇಳಿದವರು ಮನಿಗಿ ಹೋಗಿ ತಮ್ಮ ಹೆಂಡರ ಕಾಗದ ತೆಗದು ನೋಡ್ತಾರ. ಸಾಕು."

"ಸೋಮವಾರ ಅಂತೀನ್ರಿ," ಅಂದೆ. ಮೊದಲು ಅವರು ನನಗೆ ಹುಚ್ಚ ಅಂದಿದ್ದನ್ನು ವಾಪಸ್ ತಗೊಳ್ಳಲಿ ಎಂದು ಒಳಗೆ ಹಟ. ಎಷ್ಟೋ ಸೋಮವಾರ ಹೋದವು. ಮರುವರ್ಷ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ, ಯಾರದೋ ಫೈಲು ಕಂಕುಳಲ್ಲಿ ಇಟ್ಟುಕೊಂಡೇ ಕುಸಿದು ಬಿದ್ದು ತೀರಿಕೊಂಡರು.

ಮೊನ್ನೆ ಆ ಅಂಗಳದಲ್ಲಿ ಔರಾದಿನ ಮುದುಕನೊಬ್ಬ ಇದೇ ತೊಡಕಿನ ಅರ್ಜಿ ಹಿಡಿದು ನಿಂತಿದ್ದ. ಅಕ್ಕನ ಎರಡು ಹೆಸರಿನ ಕತೆ ಹೇಳಿ, ಬಳೆಗಾರನನ್ನು ಹುಡುಕು ಎಂದು ಹೇಳಿಕೊಟ್ಟೆ. ಸುತ್ತ ಇಪ್ಪತ್ತು ಮಂದಿ ಕೇಳುತ್ತಿದ್ದರು.

"ನಿಮ್ಮನ್ಯಾಗ ಹೆಸರು ತಪ್ಪು ಬರಿಸಿದವರು ಯಾರ್ರಿ?" ಅಂದ ಮುದುಕ.

ನಾನು ಜೀಪಿನ ಕಡೆ ನಡೆದೆ.